ಸ್ಟಾರ್ವ್ಡ್ ರಾಕ್‌ನಲ್ಲಿ ಹದ್ದುಗಳ ಚಳಿಗಾಲ

ಕೆಳಗೆ ಕಾಣುತ್ತಿದೆಯಲ್ಲ, ಅದು ಇಲಿನಾಯ್ ನದಿ. ಶಿಕಾಗೋದಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ನಾವು ನಿಂತಿರುವ ಈ ಮರಳುಗಲ್ಲಿನ ಬಂಡೆಯೇ ಸ್ಟಾರ್ವ್ಡ್ ರಾಕ್. ಸ್ಟೇಟ್ ಪಾರ್ಕಿಗೂ ಇದರದ್ದೇ ಹೆಸರು. ಮೇಲಕ್ಕೆ ಮರದ ಮೆಟ್ಟಿಲುಗಳಿವೆ. ಮೈಸೂರಿನಿಂದ ಬಂದಿರುವ ಅಮ್ಮ ಚಾಮುಂಡಿ ಬೆಟ್ಟ ಹತ್ತಿದವರು, ಇದೆಲ್ಲ ಅವರಿಗೆ ಲೆಕ್ಕಕ್ಕಿಲ್ಲ.

ಇಲ್ಲಿಗೆ ಬರುವವರು ಜಾಸ್ತಿ ನೋಡುವುದು ಕಣಿವೆಗಳನ್ನು. 18 ಕಣಿವೆಗಳಿವೆ. ಚಳಿ ಜೋರಾದರೆ ಜಲಪಾತಗಳು ಹೆಪ್ಪುಗಟ್ಟಿ ನಿಲ್ಲುತ್ತವೆ. ಚೆನ್ನಾಗಿರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಜನವರಿಯಲ್ಲಿ ನನ್ನ ಕಣ್ಣೆಲ್ಲ ಅಗೋ ಆ ಅಣೆಕಟ್ಟಿನ ಮೇಲೆ.

ಉತ್ತರದ ಕೆರೆ, ನದಿಗಳೆಲ್ಲ ಐಸ್ ಆದಾಗ ಬಿಳಿ ತಲೆಯ ಹದ್ದುಗಳಾದ ಬಾಲ್ಡ್ ಈಗಲ್‌ಗಳು ಮೀನು ಹುಡುಕಿಕೊಂಡು ದಕ್ಷಿಣಕ್ಕೆ ಬರುತ್ತವೆ. ಅಣೆಕಟ್ಟಿನ ಕೆಳಗೆ ನೀರು ಸದಾ ಕುದಿಯುವಂತೆ ಹರಿಯುತ್ತದೆ, ಹಾಗಾಗಿ ಹೆಪ್ಪುಗಟ್ಟುವುದಿಲ್ಲ. ಗೇಟು ದಾಟಿ ಬೀಳುವ ಮೀನುಗಳಿಗೂ ತಲೆ ಸುತ್ತಿರುತ್ತದೆ, ಕೈಗೆ ಸುಲಭ. ಅಂದರೆ ಹಡಗು ಓಡಿಸಲು ಕಟ್ಟಿದ ಕಟ್ಟೆ ಹದ್ದುಗಳಿಗೆ ಊಟದ ಮನೆಯಾಗಿದೆ. ಮಲಗಲು ಎದುರಿಗೇ ಪ್ಲಮ್ ದ್ವೀಪ. ಹಕ್ಕಿ, ಕಾಡುಜೀವಿಗಳ ರಕ್ಷಣೆಗೆ ದುಡಿಯುವ ಇಲಿನಾಯ್ ಆಡುಬಾನ್ ಸೊಸೈಟಿ 2004ರಲ್ಲಿ ಅದನ್ನು ಕೊಂಡು ಹದ್ದುಗಳಿಗೇ ಬಿಟ್ಟಿದೆ.

ಈ ಶಾಟ್ ನೋಡಿ. ರೆಕ್ಕೆ ಬಡಿಯದೆ ಇಳಿದು, ಕಾಲು ಚಾಚಿ, ಮೀನು ಎತ್ತಿಕೊಂಡು ಹೋಯಿತು. ನೀರಿಗೆ ಮುಳುಗುವ ಪ್ರಶ್ನೆಯೇ ಇಲ್ಲ. ಅಮ್ಮ ತಕ್ಷಣ, "ಗರುಡ ಅಲ್ವೇನೋ!" ಅಂತ ಗ್ಲೌಸ್ ಹಾಕಿದ ಕೈಯಲ್ಲೇ ಕೆನ್ನೆ ಬಡಿದುಕೊಂಡರು. ಬಿಳಿ ತಲೆ, ಕಂದು ಮೈ, ಹಾಗೆ ಕಾಣುವುದು ನಿಜ. ಆದರೆ ಇದು ಎಷ್ಟೋ ದೊಡ್ಡದು. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಏಳು ಅಡಿಯವರೆಗೂ ಇರುತ್ತದೆ. ಪಕ್ಕದಲ್ಲಿ ಪೂರ್ತಿ ಕಂದಾಗಿ ಕೂತಿದೆಯಲ್ಲ, ಅದೂ ಇದೇ ಜಾತಿಯದು, ಇನ್ನೂ ಎಳೆಯದು. ತಲೆ ಬೆಳ್ಳಗಾಗಲು ಸುಮಾರು ಐದು ವರ್ಷ ಬೇಕು. ದೊಡ್ಡದು ಹಿಡಿದ ಮೀನನ್ನು ಈಗ ಇದು ಕಿತ್ತುಕೊಳ್ಳಲು ಹೊರಟಿದೆ, ನೋಡಿ!

ಒಂದು ಕಾಲದಲ್ಲಿ ಇವು ಅಳಿದೇ ಹೋಗುವ ಹಾಗಿದ್ದವು. ಡಿಡಿಟಿ ಅನ್ನುವ ಕೀಟನಾಶಕದ ವಿಷ ಮೀನಿನ ಮೂಲಕ ಹೊಟ್ಟೆ ಸೇರಿ, ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವಿಗೆ ಕೂತರೆ ಒಡೆಯುತ್ತಿತ್ತು. 1972ರಲ್ಲಿ ಅಮೆರಿಕ ಅದನ್ನು ನಿಷೇಧಿಸಿತು. ಅಳಿವಿನಂಚಿನ ಪಟ್ಟಿಯಿಂದ ಹದ್ದು ಹೊರಬಂದಿದ್ದು 2007ರಲ್ಲಿ.

ಮೆಟ್ಟಿಲು ಬೇಡ ಅನ್ನುವವರು ಯೂಟಿಕಾ ಸೇತುವೆ ದಾಟಿ ಆಚೆ ದಡಕ್ಕೆ ಹೋಗಿ. ಅಲ್ಲಿನ ವಿಸಿಟರ್ ಸೆಂಟರ್ ಅಣೆಕಟ್ಟಿನ ಪಕ್ಕದಲ್ಲೇ ಇದೆ. ದಿನ ಆರಿಸುವಾಗ ಮಾತ್ರ ಚಳಿ ನೋಡಿ ಹಿಂಜರಿಯಬೇಡಿ. ಬೆಚ್ಚಗಿನ ವಾರ ಬಂದರೆ ನದಿಯ ಐಸ್ ಕರಗುತ್ತದೆ, ಎಲ್ಲಿ ಬೇಕಾದರೂ ಮೀನು ಸಿಗುತ್ತದೆ, ಹದ್ದುಗಳು ಚದುರಿಹೋಗುತ್ತವೆ.