ಪಕ್ಕದ ಮನೆಗೆ ಕೊಡುವ ಕೀಲಿಕೈ

ಕೇಳುಗರೆಲ್ಲರಿಗೂ ನಮಸ್ಕಾರ.

ಮೇ ತಿಂಗಳ ರಜೆ ಮುಗಿಯುತ್ತ ಬಂದಂತೆ ಕಾರವಾರದ ಪೇಟೆಯಲ್ಲಿ ಕೊಡೆ ರಿಪೇರಿಯವರ ಜೊತೆಗೆ ಕೀಲಿಕೈ ಮಾಡುವವರಿಗೂ ಬಿಡುವಿರುವುದಿಲ್ಲ. ಮುಂಬೈಗೋ ಗೋವಾಕ್ಕೋ ಮರಳುವವರು ಊರಿನ ಮನೆಗೆ ಬೀಗ ಹಾಕಿ, ಇನ್ನೊಂದು ಕೀಲಿಕೈಯನ್ನು ಪಕ್ಕದ ಮನೆಗೆ ಕೊಟ್ಟು ಹೋಗುತ್ತಾರೆ. ಹಂಚು ಜಾರಿ ಮನೆ ಸೋರಿದರೆ ಯಾರಾದರೂ ಒಳಗೆ ಹೋಗಬೇಕಲ್ಲ. ಆದರೆ ಆ ಕೀಲಿಕೈ ಬೀಗವನ್ನು ತೆರೆಯುತ್ತದೆಯೇ ಎಂದು ಹೊರಡುವ ಮೊದಲು ನೋಡುವವರು ಕಡಿಮೆ. ತೆರೆಯುವುದಿಲ್ಲ ಎಂದು ಗೊತ್ತಾಗುವುದು ಆಷಾಢದ ಜಡಿಮಳೆಯಲ್ಲಿ, ಪಕ್ಕದ ಮನೆಯವರಿಗೆ.

ಇಂಥ ಕೀಲಿಕೈ ಕಂಡಾಗ ಜನ ಕೀಲಿಕೈ ನಕಲು ಮಾಡುವ ಯಂತ್ರವನ್ನು ಬೈಯುತ್ತಾರೆ. ಯಂತ್ರದ ಕೆಲಸ ಬಹಳ ಸರಳ. ಅದರಲ್ಲಿ ಎರಡು ಹಿಡಿಕೆಗಳಿವೆ. ಒಂದರಲ್ಲಿ ನಿಮ್ಮ ಕೀಲಿಕೈ, ಇನ್ನೊಂದರಲ್ಲಿ ಬ್ಲ್ಯಾಂಕ್, ಅಂದರೆ ಇನ್ನೂ ಕಚ್ಚುಗಳಿಲ್ಲದ ಖಾಲಿ ಕೀಲಿಕೈ. ನಿಮ್ಮ ಕೀಲಿಕೈಯ ಏರಿಳಿತದ ಮೇಲೆ ಒಂದು ಉಕ್ಕಿನ ಮೊನೆ ಸವರುತ್ತ ಹೋಗುತ್ತದೆ. ಅದೇ ಏರಿಳಿತದಲ್ಲಿ ತಿರುಗುವ ಕಟರ್ ಬ್ಲ್ಯಾಂಕನ್ನು ಕೊರೆಯುತ್ತದೆ. ಎರಡೂ ಹಿಡಿಕೆಗಳು ಯಂತ್ರದ ಒಂದೇ ಜಾರುವ ಗಾಡಿಯ ಮೇಲಿರುವುದರಿಂದ ಒಟ್ಟಿಗೇ ಚಲಿಸುತ್ತವೆ. ಎಂದರೆ ಕೂರಿಸುವಾಗ ಆದ ತಪ್ಪನ್ನೂ ಯಂತ್ರ ನಿಷ್ಠೆಯಿಂದ ಕೊರೆದು ಕೊಡುತ್ತದೆ. ಕೆಲಸ ಕೆಡುವುದು ಹೆಚ್ಚಾಗಿ ಸ್ವಿಚ್ ಹಾಕುವುದಕ್ಕೆ ಮೊದಲೇ.

ಬಾಗಿಲಿನ ಸಾಮಾನ್ಯ ಬೀಗದೊಳಗೆ ಸ್ಪ್ರಿಂಗಿನ ಮೇಲೆ ನಿಂತ ಸಣ್ಣ ಪಿನ್ನುಗಳ ಸಾಲಿದೆ. ಕೀಲಿಕೈಯ ಕಚ್ಚುಗಳು ಅವನ್ನು ಸರಿಯಾಗಿ ಒಂದು ಸಾಲಿಗೆ ತಂದಾಗಲೇ ಬೀಗ ತೆರೆಯುತ್ತದೆ. ಅಮೆರಿಕದ ಲೈನಸ್ ಯೇಲ್ 1860ರ ದಶಕದಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇಂದಿಗೂ ಅದರ ಮೂಲ. ಒಂದು ಕಚ್ಚಿಗೂ ಮುಂದಿನ ಆಳದ ಕಚ್ಚಿಗೂ ಅನೇಕ ಬೀಗಗಳಲ್ಲಿ ಅರ್ಧ ಮಿಲಿಮೀಟರಿನಷ್ಟೂ ವ್ಯತ್ಯಾಸ ಇರುವುದಿಲ್ಲ. ಹಿಡಿಕೆಯ ಬಾಯಲ್ಲಿ ಹಿತ್ತಾಳೆಯ ಒಂದು ಚೂರು ಉಳಿದು ಕೀಲಿಕೈ ತುಸು ಓರೆಯಾದರೂ ಪಿನ್ನುಗಳು ಒಂದು ಸಾಲಿಗೆ ಬರಲಾರವು. ಆದ್ದರಿಂದ ಪ್ರತಿಯೊಂದು ಕೆಲಸಕ್ಕೂ ಮೊದಲು ಹಿಡಿಕೆಯನ್ನು ಬ್ರಷ್‌ನಿಂದ ಒರೆಸಬೇಕು. ಬಾಯಿಂದ ಊದಬಾರದು, ಚೂರು ಹಾರಿ ಕಣ್ಣಿಗೇ ಬೀಳುತ್ತದೆ.

ಇನ್ನು ಅಳತೆ. ಕೀಲಿಕೈಯ ತಲೆಯ ಕೆಳಗೆ ಮೆಟ್ಟಿಲಿನಂಥ ಒಂದು ಅಂಚು ಇರುತ್ತದೆ. ಎರಡೂ ಕೀಲಿಕೈಗಳ ಆ ಅಂಚು ಯಂತ್ರದ ಅಳತೆಪಟ್ಟಿಗೆ ತಾಗಿ ನಿಲ್ಲಬೇಕು. ಹಾಗೆ ನಿಲ್ಲಿಸಿ ಹಿಡಿಕೆ ಬಿಗಿದ ಮೇಲೆ ಪಟ್ಟಿಯನ್ನು ಹಿಂದಕ್ಕೆ ಮಡಚಲೇಬೇಕು. ಮರೆತರೆ ಕಟರ್ ಅದಕ್ಕೇ ಬಡಿಯುತ್ತದೆ. ಅಂಚಿಲ್ಲದ ಕೀಲಿಕೈಗಳನ್ನು ತುದಿ ನೋಡಿ ಹೊಂದಿಸುತ್ತಾರೆ.

ಯಂತ್ರವೇ ಸರಿಯಿದೆಯೇ ಎಂದು ನೋಡಲು ಒಂದೇ ಜಾತಿಯ ಎರಡು ಬ್ಲ್ಯಾಂಕ್ ಸಾಕು. ಪ್ಲಗ್ ಕಿತ್ತು, ಎರಡನ್ನೂ ಕೂರಿಸಿ, ಗಾಡಿಯನ್ನು ಮೆಲ್ಲಗೆ ಎತ್ತಿ ಕಟರನ್ನು ಕೈಯಿಂದ ಒಂದು ಸುತ್ತು ತಿರುಗಿಸಬೇಕು. ಮೊನೆ ಅಲ್ಲಿ ಮುಟ್ಟಿದಾಗ ಕಟರ್ ಇಲ್ಲಿ ಸವರಿಯೂ ಸವರದ ಹಾಗಿರಬೇಕು. ಗೀರು ಬಿದ್ದರೆ ಕಚ್ಚು ಆಳವಾಗುತ್ತದೆ, ಮುಟ್ಟದೇ ಹೋದರೆ ಆಳ ಸಾಲದೆ ಹೋಗುತ್ತದೆ. ಈ ಪರೀಕ್ಷೆ ಮಾಡುವ ಅಂಗಡಿಯವರು ಕಂಡರೆ ಅವರನ್ನು ಬಿಡಬೇಡಿ.

ಕೊರೆಯುವಾಗ ಕನ್ನಡಕ ಬೇಕೇ ಬೇಕು. ಕೈಗವಸು ಮಾತ್ರ ಬೇಡ. ತಿರುಗುವ ಕಟರ್ ಬಟ್ಟೆಯ ಜೊತೆಗೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಸೆರಗು, ಸಡಿಲ ತೋಳು, ಕೊರಳ ಸರ, ಕಿವಿಗೆ ಸಿಕ್ಕಿಸಿದ ಇಯರ್‌ಫೋನ್ ತಂತಿ ಎಲ್ಲವೂ ದೂರವಿರಲಿ. ಗಾಡಿಯನ್ನು ಒತ್ತಿ ಓಡಿಸದೆ, ಒಂದೇ ಹದದಲ್ಲಿ ಒಮ್ಮೆ ಹೋಗಿ ಒಮ್ಮೆ ಬಂದರೆ ಸಾಕು. ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು: ಕೊರೆಯುವಾಗಲೇ ಕರೆಂಟು ಹೋದರೆ ಮೊದಲು ಸ್ವಿಚ್ ಆರಿಸಿ. ಕೀಲಿಕೈಯನ್ನು ಬೆರಳಲ್ಲಿ ಹಿಡಿದು ಬಿಡಿಸುತ್ತಿರುವಾಗ ಕರೆಂಟು ಹೇಳಿ ಕೇಳಿ ಬರುವುದಿಲ್ಲ.

ಕೊರೆದ ಅಂಚಿನಲ್ಲಿ ಕೂದಲೆಳೆಯಂಥ ಮುಳ್ಳುಗಳು ಉಳಿದಿರುತ್ತವೆ. ಅವನ್ನು ತಿರುಗುವ ಬ್ರಷ್‌ಗೆ ಹಗುರವಾಗಿ ಹಿಡಿದು ತೆಗೆಯಬೇಕು. ಹೊಳೆಯಲಿ ಎಂದು ಒತ್ತಿ ಹಿಡಿದರೆ ಕಚ್ಚುಗಳೇ ಸವೆದಾವು.

ಅಂಗಡಿಗೆ ಯಾವ ಕೀಲಿಕೈ ಒಯ್ಯಬೇಕು? ದಿನವೂ ಬಳಸಿ ಸವೆದದ್ದು ಬೇಡ, ನಕಲಿನಿಂದ ತೆಗೆದ ನಕಲಂತೂ ಬೇಡವೇ ಬೇಡ. ಒಂದೊಂದು ನಕಲಿನಲ್ಲೂ ತುಸು ತುಸು ತಪ್ಪು ಸೇರುತ್ತ ಹೋಗುತ್ತದೆ. ಬೀಗದ ಜೊತೆಗೆ ಬಂದ ಕೀಲಿಕೈಗಳಲ್ಲಿ ಒಂದನ್ನು ಮುಟ್ಟದೆ ಕಪಾಟಿನಲ್ಲಿಟ್ಟಿದ್ದರೆ ಅದನ್ನೇ ಒಯ್ಯಿರಿ. ಶಿರಸಿ ಕಡೆಯ ಹಳೆಯ ಮನೆಗಳ ದಪ್ಪ ಬೀಗದ ಕೀಲಿಕೈಗೆ ಈ ಯಂತ್ರ ಹೊಂದುವುದಿಲ್ಲ, ಅದಕ್ಕೆ ಅರ ಹಿಡಿದ ಕೈಯೇ ಬೇಕು. ಚಿಪ್ ಇರುವ ಕಾರಿನ ಕೀಲಿಕೈಯ ಕಚ್ಚು ಹೊಂದಿದರೂ ಕಾರು ಚಾಲೂ ಆಗದು. ಚಿಪ್ಪಿನ ಗುರುತನ್ನು ಕಾರಿಗೆ ಬೇರೆಯಾಗಿ ಪರಿಚಯಿಸಬೇಕು.

ಕೀಲಿಕೈಯ ಫೋಟೊ ತೆಗೆದು ಮೊಬೈಲಿನಲ್ಲಿ ಯಾರಿಗೂ ಕಳಿಸಬೇಡಿ, ಕಚ್ಚಿನ ಆಳವನ್ನು ಫೋಟೊದಿಂದಲೂ ಅಳೆಯಬಹುದು. ಯಾರ ಮನೆಯದು ಎಂದು ಅಂಗಡಿಯವರು ಕೇಳಿದರೆ ಸಿಟ್ಟಾಗುವುದೂ ಬೇಡ. ಕೇಳದವರ ಬಗ್ಗೆಯೇ ನನಗೆ ಅನುಮಾನ.

ಮನೆಗೆ ಬಂದ ಮೇಲೆ ಹೊಸ ಕೀಲಿಕೈಯನ್ನು ಬಾಗಿಲು ತೆರೆದಿಟ್ಟುಕೊಂಡೇ ಪರೀಕ್ಷಿಸಿ. ಸಿಕ್ಕಿಕೊಂಡರೂ ನೀವು ಹೊರಗೆ ಉಳಿಯುವುದಿಲ್ಲ. ಬಿಗಿಯೆನಿಸಿದರೆ ಬಲ ಹಾಕಬೇಡಿ, ಮುರಿದ ತುಂಡು ಒಳಗೇ ಉಳಿದೀತು. ತೆಂಗಿನೆಣ್ಣೆಯನ್ನೂ ಹಾಕಬೇಡಿ, ಧೂಳು ಕಟ್ಟಿ ಪಿನ್ನುಗಳು ಜಿಗುಟಾಗುತ್ತವೆ. ಗ್ರಾಫೈಟ್ ಪುಡಿ ಒಂದು ಚಿಟಿಕೆ ಸಾಕು. ಅದಕ್ಕೂ ಬಗ್ಗದಿದ್ದರೆ ಮೂಲದ ಕೀಲಿಕೈಯನ್ನೂ ಹೊಸದನ್ನೂ ಹಿಡಿದು ಅಂಗಡಿಗೇ ಮರಳಿ, ರೈಲು ಹೊರಡುವುದಕ್ಕೆ ಮೊದಲು. ನಮಸ್ಕಾರ.