ಯುದ್ಧ ಮುಗಿಸಿ ಬ್ಯಾಂಕಿನ ಮೇಜಿಗೆ ಬಂದವರು

ಕೇಳುಗರಿಗೆಲ್ಲ ನಮಸ್ಕಾರ.

ಅಮೆರಿಕದ ಸಣ್ಣ ಊರುಗಳ ಪತ್ರಿಕೆಗಳಲ್ಲಿ ಸುಮಾರು ವರ್ಷಗಳಿಂದ ಒಂದು ಬಗೆಯ ನಿಧನ ವಾರ್ತೆ ಮತ್ತೆ ಮತ್ತೆ ಬರುತ್ತಿದೆ. ತೊಂಬತ್ತು ದಾಟಿದ ಹಿರಿಯರು. ಬೆಳೆದದ್ದು ಹೊಲಮನೆಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೈನಿಕರು. ಆಮೇಲೆ ಊರಿನ ಬ್ಯಾಂಕಿನಲ್ಲಿ ನಲವತ್ತು ವರ್ಷ. ಜೊತೆಗೆ ಚರ್ಚಿನ ಖಜಾಂಚಿ, ಶಾಲಾ ಮಂಡಳಿಯ ಸದಸ್ಯ, ರೋಟರಿ ಕ್ಲಬ್ಬಿನ ಅಧ್ಯಕ್ಷ. ಊರಿನಲ್ಲಿ ಯಾವ ಸಂಘ ಹುಟ್ಟಿದರೂ ಲೆಕ್ಕದ ಪುಸ್ತಕ ಇವರ ಕೈಗೇ ಬರುತ್ತಿತ್ತು. ಬ್ಯಾಂಕಿನವರಲ್ವಾ!

ಇಂಥ ವಾರ್ತೆಯಲ್ಲಿ ಯುದ್ಧಕ್ಕೆ ನಾಲ್ಕು ಸಾಲು ಸಿಗುತ್ತದೆ. ಯಾವ ದಳ, ಯಾವ ರಣರಂಗ, ಯಾವ ಪದಕ. ಬ್ಯಾಂಕಿಗೆ ಒಂದೇ ಸಾಲು. ನನಗೆ ಆ ಒಂದು ಸಾಲಿನ ಮೇಲೇ ಕುತೂಹಲ ಜಾಸ್ತಿ. ಯುದ್ಧದಲ್ಲಿ ಅವರು ಮೇಲಿನವರ ಮಾತು ಕೇಳಿದರು. ಬ್ಯಾಂಕಿನಲ್ಲಿ ತೀರ್ಮಾನ ಅವರದೇ ಆಗಿತ್ತು. ಇವರಿಗೆ ಸಾಲ ಕೊಡಬಹುದು, ಅವರಿಗೆ ಬೇಡ ಅಂತ ನಲವತ್ತು ವರ್ಷ ಹೇಳುತ್ತಾ ಕೂತರು. ಇವತ್ತು ಒಬ್ಬರ ಹೆಸರು ಹಿಡಿದು ಮಾತಾಡುವುದಿಲ್ಲ. ಆ ಇಡೀ ತಲೆಮಾರಿನ ಬಗ್ಗೆ ಹೇಳುತ್ತೇನೆ.

1922ರಲ್ಲಿ ಹುಟ್ಟಿದ ಒಬ್ಬ ಹುಡುಗ ಅಂತಿಟ್ಟುಕೊಳ್ಳಿ. ಅವನು ಬ್ಯಾಂಕು ಅಂತ ಮೊದಲು ಕೇಳಿದ್ದೇ ಅದು ಮುಳುಗಿದ ಸುದ್ದಿ ಇರಬೇಕು. 1930ರಿಂದ 1933ರ ನಡುವೆ ಅಮೆರಿಕದಲ್ಲಿ ಸುಮಾರು 9 ಸಾವಿರ ಬ್ಯಾಂಕುಗಳು ಮುಳುಗಿದವು. ಸಣ್ಣ ಊರಿನ ಸಣ್ಣ ಬ್ಯಾಂಕುಗಳೇ ಅದರಲ್ಲಿ ಜಾಸ್ತಿ. ಬೆಳೆಗೆ ಬೆಲೆ ಬಿದ್ದರೆ ರೈತ ಸಾಲ ಕಟ್ಟುವುದಿಲ್ಲ. ರೈತ ಕಟ್ಟದಿದ್ದರೆ ಊರಿನ ಬ್ಯಾಂಕಿಗೆ ಬೇರೆ ದಿಕ್ಕಿಲ್ಲ. ಠೇವಣಿಗೆ ಕೇಂದ್ರ ಸರ್ಕಾರದ ವಿಮೆ ಇನ್ನೂ ಬಂದಿರಲಿಲ್ಲ. ಹಂದಿ ಮಾರಿ, ಜೋಳ ಮಾರಿ ಕೂಡಿಸಿದ ದುಡ್ಡು ಹೋದರೆ ಹೋಯಿತು.

1933ರ ಮಾರ್ಚಿನಲ್ಲಿ ರೂಸ್‌ವೆಲ್ಟ್ ಅಧ್ಯಕ್ಷರಾದರು. ಅಧಿಕಾರಕ್ಕೆ ಬಂದ ಎರಡೇ ದಿನಕ್ಕೆ, ಮಾರ್ಚ್ 6ರಂದು, ದೇಶದ ಎಲ್ಲ ಬ್ಯಾಂಕುಗಳಿಗೂ ರಜೆ ಘೋಷಿಸಿದರು. ಮಾರ್ಚ್ 12ರ ಭಾನುವಾರ ರಾತ್ರಿ ರೇಡಿಯೋದಲ್ಲಿ ಮಾತಾಡಿದರು. ಬಾನುಲಿಯಲ್ಲಿ ಕೂತು ಈ ಸಂಗತಿ ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನೀವು ಬ್ಯಾಂಕಿನಲ್ಲಿಟ್ಟ ದುಡ್ಡು ತಿಜೋರಿಯಲ್ಲಿ ಹಾಗೇ ಕೂತಿರುವುದಿಲ್ಲ, ಅದನ್ನು ಸಾಲವಾಗಿ ಹೊರಗೆ ಓಡಾಡಿಸುತ್ತಾರೆ, ಎಲ್ಲರೂ ಒಂದೇ ದಿನ ಬಂದು ಕೇಳಿದರೆ ಎಂಥ ಬ್ಯಾಂಕೂ ಕೊಡಲಾರದು ಅಂತ ಬಿಡಿಸಿ ಹೇಳಿದರು. ಪಾಠ ಹೇಳಿದ ಹಾಗಿತ್ತು, ಆದರೆ ಬೇಸರ ತರುವ ಪಾಠವಲ್ಲ. ಮರುದಿನದಿಂದ ಬ್ಯಾಂಕುಗಳು ಹಂತಹಂತವಾಗಿ ತೆರೆದವು. ಹಿಂದಿನ ವಾರ ದುಡ್ಡು ಕಿತ್ತುಕೊಂಡು ಹೋದ ಜನ ಮತ್ತೆ ಸಾಲು ನಿಂತರು. ಈ ಸಲ ದುಡ್ಡು ಕಟ್ಟುವುದಕ್ಕೆ! ಠೇವಣಿ ವಿಮೆ 1934ರ ಜನವರಿ 1ರಿಂದ ಶುರುವಾಯಿತು. ಮೊದಲ ಮಿತಿ 2,500 ಡಾಲರ್. ಆ ವರ್ಷ ವಿಮೆ ಇದ್ದ ಬ್ಯಾಂಕುಗಳಲ್ಲಿ ಮುಳುಗಿದ್ದು ಬರೀ 9.

ನಮ್ಮ ಹುಡುಗನಿಗೆ ಹತ್ತೊಂಬತ್ತು ತುಂಬುವ ಹೊತ್ತಿಗೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ ಆಯಿತು, ಅಮೆರಿಕ ಯುದ್ಧಕ್ಕಿಳಿಯಿತು. 1942ರಿಂದ ಸಾಮಾನ್ಯ ಸೈನಿಕನ ಸಂಬಳ ತಿಂಗಳಿಗೆ 50 ಡಾಲರ್. ಯುದ್ಧದಲ್ಲಿ ಸೇವೆ ಮಾಡಿದ ಅಮೆರಿಕನ್ನರು ಒಟ್ಟು ಒಂದು ಕೋಟಿ ಅರವತ್ತು ಲಕ್ಷ. ಯುದ್ಧದ ಕಥೆ ನಿಮಗೆ ಬೇಕಾದಷ್ಟು ಕಡೆ ಸಿಗುತ್ತದೆ, ನಾನು ಊರಿಗೆ ವಾಪಸಾದ ದಿನಕ್ಕೆ ಬರುತ್ತೇನೆ. ಮೊದಲು ಯಾರನ್ನು ಮನೆಗೆ ಕಳಿಸಬೇಕು ಅನ್ನುವುದಕ್ಕೆ ಸೈನ್ಯದಲ್ಲಿ ಅಂಕಗಳ ಲೆಕ್ಕ ಇತ್ತು. ಸೇವೆ ಮಾಡಿದ ತಿಂಗಳು, ಸಮುದ್ರದಾಚೆ ಕಳೆದ ತಿಂಗಳು, ಪದಕ, ಮಕ್ಕಳು, ಇವೆಲ್ಲಕ್ಕೂ ಅಂಕ. 1945ರ ಮೇ ತಿಂಗಳಲ್ಲಿ 85 ಅಂಕ ಬೇಕಿತ್ತು. ಬಿಡುಗಡೆಯಾದವರ ಎದೆಗೆ ಹದ್ದಿನ ಗುರುತಿನ ಒಂದು ಸಣ್ಣ ಪಿನ್ನು. ಸೈನಿಕರ ಕಣ್ಣಿಗೆ ಆ ಹದ್ದು ಬಾತುಕೋಳಿಯ ಹಾಗೆ ಕಂಡಿತು. ಅದಕ್ಕೆ ಬಾತುಕೋಳಿ ಅಂತಲೇ ಹೆಸರಿಟ್ಟು ನಗುತ್ತಿದ್ದರು.

ಜೊತೆಗೆ ಅವರ ಕೈಯಲ್ಲಿ ಒಂದು ಕಾಯ್ದೆಯ ಬಲ ಇತ್ತು. 1944ರ ಜೂನ್ 22ರಂದು ರೂಸ್‌ವೆಲ್ಟ್ ಸಹಿ ಹಾಕಿದ ಜಿಐ ಬಿಲ್, ಅಂದರೆ ಯುದ್ಧ ಮುಗಿಸಿ ಬಂದ ಸೈನಿಕರಿಗೆ ನೆರವಾಗುವ ಕಾಯ್ದೆ. ಓದುವವರಿಗೆ ವರ್ಷಕ್ಕೆ 500 ಡಾಲರ್‌ವರೆಗೆ ಫೀಸು, ಒಂಟಿ ಸೈನಿಕನಿಗೆ ತಿಂಗಳಿಗೆ 50 ಡಾಲರ್ ಖರ್ಚಿಗೆ. ಕೆಲಸ ಸಿಗದವರಿಗೆ ವಾರಕ್ಕೆ 20 ಡಾಲರ್, ಹೆಚ್ಚೆಂದರೆ 52 ವಾರ. ಕಾಲೇಜಿಗೆ ಹೋದವರೇ ಸುಮಾರು 22 ಲಕ್ಷ. ಕಾಮರ್ಸ್ ಓದಿ ಊರಿನ ಬ್ಯಾಂಕಿನ ಕೌಂಟರಿಗೆ ಬಂದು ಕೂತವರೂ ಇವರಲ್ಲಿದ್ದರು.

ಅದೇ ಕಾಯ್ದೆಯಲ್ಲಿ ಇನ್ನೊಂದು ಸೌಲಭ್ಯ ಇತ್ತು. ಮನೆ, ಹೊಲ, ಅಂಗಡಿ ಮಾಡಲು ಸೈನಿಕ ತೆಗೆಯುವ ಸಾಲದ ಅರ್ಧಕ್ಕೆ ಸರ್ಕಾರದ ಖಾತರಿ. ಮೊದಲು 2,000 ಡಾಲರ್‌ವರೆಗೆ, ಮುಂದಿನ ವರ್ಷವೇ ಮನೆ ಸಾಲಕ್ಕೆ ಅದು 4,000 ಆಯಿತು. ಬಡ್ಡಿ ಶೇಕಡ 4 ಮೀರುವಂತಿಲ್ಲ. ಗಮನಿಸಿ, ಖಾತರಿ ಮಾತ್ರ ಸರ್ಕಾರದ್ದು. ಸಾಲ ಕೊಡುವವರು ಬ್ಯಾಂಕಿನವರೇ. ಹಾಗಾಗಿ ಕೌಂಟರಿನ ಈಚೆಗೂ ಸೈನಿಕ, ಆಚೆಗೂ ಸೈನಿಕ. ಎಲ್ಲಿದ್ದೆ, ಯಾವ ದಳ ಅಂತ ಕೇಳಿದರೆ ಸಾಕು, ಅರ್ಧ ಪರಿಚಯ ಆದ ಹಾಗೆ. ಉಳಿದರ್ಧ ಮೊದಲೇ ಗೊತ್ತು. ಅವನ ಅಪ್ಪ ಯಾರು, 1932ರಲ್ಲಿ ಎಷ್ಟು ಕಷ್ಟಪಟ್ಟು ಸಾಲ ತೀರಿಸಿದ, ಹುಡುಗ ಕುಡಿಯುತ್ತಾನಾ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾನೆ. 1912ರಲ್ಲಿ ನ್ಯೂಯಾರ್ಕಿನ ದೊಡ್ಡ ಬ್ಯಾಂಕರ್ ಜೆ. ಪಿ. ಮಾರ್ಗನ್ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ನಿಂತು, ಸಾಲ ಕೊಡುವಾಗ ಆಸ್ತಿಗಿಂತ ಮೊದಲು ಮನುಷ್ಯನ ನಡತೆ ನೋಡುತ್ತೇನೆ ಅಂದಿದ್ದರು. ನ್ಯೂಯಾರ್ಕಿನಲ್ಲಿ ಅದು ಎಷ್ಟರ ಮಟ್ಟಿಗೆ ನಡೆಯಿತೋ! ಸಣ್ಣ ಊರಿನಲ್ಲಂತೂ ಅದೇ ರೂಢಿ.

ಈ ರೂಢಿಯನ್ನು ಕೊಂಡಾಡುವವರು ತುಂಬಾ ಜನ. ನಾನೂ ಸ್ವಲ್ಪ ಕೊಂಡಾಡುತ್ತೇನೆ. ಆದರೆ ಪರಿಚಯ ನೋಡಿ ಸಾಲ ಕೊಡುವುದು ಎಷ್ಟೋ ಸಲ ಮುಖ ನೋಡಿ ಮಣೆ ಹಾಕುವುದೇ ಆಗುತ್ತಿತ್ತು. 1947ರಲ್ಲಿ ಮಿಸಿಸಿಪ್ಪಿ ರಾಜ್ಯದ ಊರುಗಳಲ್ಲಿ ನಡೆದ ಒಂದು ಸಮೀಕ್ಷೆಯ ಲೆಕ್ಕ ಕೇಳಿ. ಸರ್ಕಾರದ ಖಾತರಿಯಲ್ಲಿ ಸೈನಿಕರಿಗೆ ಕೊಟ್ಟ ಸಾಲಗಳು 3,229. ಅದರಲ್ಲಿ ಕಪ್ಪು ಜನಾಂಗದ ಸೈನಿಕರಿಗೆ ಸಿಕ್ಕಿದ್ದು ಎರಡು. ಎರಡು ಸಾವಿರವಲ್ಲ, ಬರೀ ಎರಡು. ಯುದ್ಧ ಒಂದೇ, ಕಾಯ್ದೆ ಒಂದೇ, ಎದೆಯ ಮೇಲಿನ ಪಿನ್ನೂ ಒಂದೇ. ಮೇಜಿನ ಹಿಂದೆ ಕೂತವರು ಬೇಡ ಅಂದರು. ಹೆಂಗಸರ ಪಾಡೂ ಬೇರೆ ರೀತಿಯಲ್ಲಿ ಹೀಗೇ. ಗಂಡನ ಸಹಿ ಇಲ್ಲದೆ ಸಾಲ ಕೊಡದ ಬ್ಯಾಂಕುಗಳು 1974ರ ಸಮಾನ ಸಾಲ ಅವಕಾಶ ಕಾಯ್ದೆ ಬರುವವರೆಗೂ ಇದ್ದವು. ನಿಧನ ವಾರ್ತೆಯ ಆ ಒಂದು ಸಾಲಿನೊಳಗೆ ಇದೂ ಅಡಗಿದೆ.

1950, 60ರ ದಶಕಗಳು ಅವರಿಗೆ ಸುಖದ ಕಾಲ. ಠೇವಣಿಗೆ ಎಷ್ಟು ಬಡ್ಡಿ ಕೊಡಬಹುದು ಅಂತ ಸರ್ಕಾರವೇ ಮಿತಿ ಹಾಕಿತ್ತು. ಹೊರ ರಾಜ್ಯದ ಬ್ಯಾಂಕು ಬಂದು ಪಕ್ಕದಲ್ಲಿ ಶಾಖೆ ತೆರೆಯುವಂತಿರಲಿಲ್ಲ. ಶೇಕಡ ಮೂರಕ್ಕೆ ಠೇವಣಿ ತಗೋ, ಶೇಕಡ ಆರಕ್ಕೆ ಸಾಲ ಕೊಡು, ಮಧ್ಯಾಹ್ನ ಮೂರಕ್ಕೆ ಗಾಲ್ಫ್ ಆಡು ಅಂತ ಬ್ಯಾಂಕಿನವರನ್ನು ಛೇಡಿಸುತ್ತಿದ್ದರು. ವಸಂತದಲ್ಲಿ ಬೀಜ ಗೊಬ್ಬರಕ್ಕೆ ಸಾಲ, ಕಟಾವಿನಲ್ಲಿ ವಸೂಲಿ. ಇದೇ ವರ್ಷದ ಚಕ್ರ.

ಆಮೇಲೆ 1980ರ ದಶಕ ಬಂತು. ಬೆಲೆ ಏರಿಕೆ ತಡೆಯಲು ಬಡ್ಡಿ ಏರಿಸಿದರು. 1980ರ ಡಿಸೆಂಬರಿನಲ್ಲಿ ದೊಡ್ಡ ಬ್ಯಾಂಕುಗಳು ತಮ್ಮ ಒಳ್ಳೆಯ ಗ್ರಾಹಕರಿಗೆ ಹಾಕುವ ಮೂಲ ಬಡ್ಡಿಯೇ ಶೇಕಡ 21.5ಕ್ಕೆ ಹೋಯಿತು. ಹೊಲದ ಬೆಲೆ ಕುಸಿಯಿತು. ಬೇಸಾಯದ ರಾಜ್ಯವಾದ ಐಯೋವಾದಲ್ಲಿ 1981ರಲ್ಲಿ ಎಕರೆಗೆ ಸರಾಸರಿ 2,147 ಡಾಲರ್ ಇದ್ದದ್ದು 1986ಕ್ಕೆ 787 ಆಯಿತು. ಭೂಮಿಯನ್ನು ನಂಬಿ ಕೊಟ್ಟ ಸಾಲಕ್ಕೆ ಭೂಮಿಯೇ ಸಾಲದಾಯಿತು. ಸರ್ಕಾರದ ತಪಾಸಣೆಯವರು ಬಂದು, ಈ ಸಾಲ ವಸೂಲಾಗಲ್ಲ, ಈಗಲೇ ಕ್ರಮ ತೆಗೆದುಕೊಳ್ಳಿ ಅನ್ನುತ್ತಿದ್ದರು. ಎದುರಿಗೆ ಕೂತ ರೈತ ಇವರ ಜೊತೆ ಶಾಲೆಗೆ ಹೋದವನು, ಒಂದೇ ಚರ್ಚಿಗೆ ಹೋಗುವವನು. ಅವನ ಟ್ರ್ಯಾಕ್ಟರ್ ಹರಾಜಿಗೆ ಇಡಬೇಕು. 1985ರ ಡಿಸೆಂಬರ್ 9ರಂದು ಐಯೋವಾದಲ್ಲಿ ಸಾಲದಲ್ಲಿ ಮುಳುಗಿದ್ದ ರೈತನೊಬ್ಬ ಹೆಂಡತಿಯನ್ನು ಕೊಂದ. ಆಮೇಲೆ ಹಿಲ್ಸ್ ಎಂಬ ಊರಿನ ಬ್ಯಾಂಕಿನ ಅಧ್ಯಕ್ಷನನ್ನು, ಒಬ್ಬ ನೆರೆಯವನನ್ನು ಗುಂಡಿಟ್ಟು ಕೊಂದು ತಾನೂ ಸತ್ತ. 1922ರಲ್ಲಿ ಹುಟ್ಟಿದವರಿಗೆ ಆಗ ಅರವತ್ತಮೂರು. ನಿವೃತ್ತಿಯ ಅಂಚು. ಚಿಕ್ಕಂದಿನಲ್ಲಿ ಕೌಂಟರಿನ ಆಚೆಯಿಂದ ಕಂಡದ್ದನ್ನು ಈಗ ಈಚೆಯಿಂದ ಕಾಣಬೇಕಾಯಿತು.

ಮುಂದಿನದು ಬೇಗ ಹೇಳುತ್ತೇನೆ. 1994ರ ಕಾಯ್ದೆ ರಾಜ್ಯದ ಗಡಿ ದಾಟಿ ಶಾಖೆ ತೆರೆಯಲು ಬಿಟ್ಟಿತು. 1984ರಲ್ಲಿ 14 ಸಾವಿರಕ್ಕೂ ಹೆಚ್ಚಿದ್ದ ವಾಣಿಜ್ಯ ಬ್ಯಾಂಕುಗಳು ಇವತ್ತು 5 ಸಾವಿರಕ್ಕಿಂತ ಕಡಿಮೆ. ಎಷ್ಟೋ ಊರಿನ ಬ್ಯಾಂಕಿಗೆ ಈಗ ಬೇರೆ ಊರಿನ ಹೆಸರು. ಸಾಲ ಕೊಡಬೇಕೋ ಬೇಡವೋ ಅಂತ ಕಂಪ್ಯೂಟರಿನ ಅಂಕ ಹೇಳುತ್ತದೆ. ಸೈನಿಕರ ಸಾಲದ ಖಾತರಿ ಮಾತ್ರ ಇನ್ನೂ ನಡೆಯುತ್ತಿದೆ. ಇದುವರೆಗೆ ಅದರಲ್ಲಿ ಕೊಟ್ಟ ಸಾಲಗಳು ಎರಡೂವರೆ ಕೋಟಿಗೂ ಹೆಚ್ಚು.

ಆ ಯುದ್ಧದ ಸೈನಿಕರಲ್ಲಿ 2024ರಲ್ಲಿ ಬದುಕಿದ್ದವರು ಸುಮಾರು 66 ಸಾವಿರ. ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2000ರಿಂದ ಸೈನಿಕರ ನೆನಪುಗಳನ್ನು ಧ್ವನಿಯಲ್ಲಿ, ಚಿತ್ರದಲ್ಲಿ ಹಿಡಿದಿಡುತ್ತಿದೆ. ಒಳ್ಳೆಯ ಕೆಲಸ. ಅಲ್ಲಿ ಸಹಜವಾಗಿ ಯುದ್ಧದ ಮಾತೇ ಜಾಸ್ತಿ. ನನ್ನ ಕೈಗೆ ಮೈಕ್ ಕೊಟ್ಟು, ಎದುರಿಗೆ ಹಳೆಯ ಬ್ಯಾಂಕಿನವರೊಬ್ಬರನ್ನು ಕೂರಿಸಿದರೆ, ಅವರು ಯಾವ ದ್ವೀಪದಲ್ಲಿ ಇಳಿದರು ಅಂತ ನಾನು ಕೇಳುವುದಿಲ್ಲ. 1985ರಲ್ಲಿ ಯಾರಿಗೆ ಇನ್ನೊಂದು ವರ್ಷ ಗಡುವು ಕೊಟ್ಟಿರಿ, ಯಾರಿಗೆ ಕೊಡಲಿಲ್ಲ, ಅದು ಯಾಕೆ ಅಂತ ಕೇಳುತ್ತೇನೆ.

ನಮಸ್ಕಾರ.