ಪಟ್ಟಿಯ ಹೆಸರು, ಪತ್ರದ ಮಾತು

ಕೇಳುಗರಿಗೆ ನಮಸ್ಕಾರ. ಅಮೆರಿಕ, ಕೆನಡಾ, ಮೆಕ್ಸಿಕೊ ನಡುವೆ 1994ರಿಂದ ಇದ್ದ ನಾಫ್ಟಾ ಎಂಬ ವ್ಯಾಪಾರ ಒಪ್ಪಂದದ ಜಾಗಕ್ಕೆ 2020ರ ಜುಲೈ 1ರಂದು ಹೊಸ ಒಪ್ಪಂದ ಬಂತು. ಅದರ 16ನೇ ಅಧ್ಯಾಯ ಸರಕಿನದ್ದಲ್ಲ, ಮನುಷ್ಯರ ಓಡಾಟದ್ದು. ಎಂಜಿನಿಯರ್, ದಾದಿ, ಲೆಕ್ಕಿಗ, ಹೀಗೆ ಅರವತ್ತಕ್ಕೂ ಹೆಚ್ಚು ವೃತ್ತಿಗಳ ಪಟ್ಟಿ ಅಲ್ಲಿದೆ.

ಈ ಪಟ್ಟಿಯ ಮೂಲಕ ಕೆಲಸಕ್ಕಾಗಿ ಕೆನಡಾಕ್ಕೆ ಹೋಗುವವರ ವಿಷಯವನ್ನೇ ನೋಡೋಣ. ಸಾಮಾನ್ಯವಾಗಿ ಹೊರಗಿನವರನ್ನು ನೇಮಿಸಿಕೊಳ್ಳಬೇಕಾದರೆ, ಸ್ಥಳೀಯರು ಸಿಗಲಿಲ್ಲವೆಂದು ಸಂಸ್ಥೆ ಮೊದಲು ತೋರಿಸಬೇಕು. ಪಟ್ಟಿಯ ವೃತ್ತಿಗಳಿಗೆ ಆ ಪರೀಕ್ಷೆಯಿಲ್ಲ. ಆದರೆ ಅಮೆರಿಕದ ಅಥವಾ ಮೆಕ್ಸಿಕೊದ ಪೌರತ್ವವೇ ಬೇಕು. ಅಮೆರಿಕದ ಗ್ರೀನ್ ಕಾರ್ಡ್ ಇದ್ದರೆ ಸಾಲದು.

ಮೊದಲ ಹೆಜ್ಜೆ ಸಂಸ್ಥೆಯದು. ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ಉದ್ಯೋಗದ ವಿವರ ತುಂಬಿ 230 ಕೆನಡಿಯನ್ ಡಾಲರ್ ಕಟ್ಟಬೇಕು. ಆಗ 'ಎ' ಅಕ್ಷರದಿಂದ ಶುರುವಾಗುವ ಸಂಖ್ಯೆ ಸಿಗುತ್ತದೆ. ಅದಿಲ್ಲದೆ ಕೆಲಸದ ಪರವಾನಗಿಗೆ ಅಭ್ಯರ್ಥಿ ಹಾಕುವ ಅರ್ಜಿ ಮುಂದೆ ಹೋಗದು. ಅಮೆರಿಕದ ಪ್ರಜೆ ಗಡಿಯಲ್ಲೇ ಅರ್ಜಿ ಕೊಡಬಹುದು.

ಬಹಳಷ್ಟು ಜನ ಎಡವುವುದು ಹುದ್ದೆಯ ಹೆಸರಿನಲ್ಲಿ. ಪಟ್ಟಿಯಲ್ಲಿ ಕಂಪ್ಯೂಟರ್ ಸಿಸ್ಟಮ್ಸ್ ಅನಲಿಸ್ಟ್ ಇದೆ, ಪ್ರೋಗ್ರಾಮರ್ ಇಲ್ಲ. ಸಂಸ್ಥೆ ಕೊಡುವ ಉದ್ಯೋಗ ಪತ್ರದ ತಲೆಬರಹದಲ್ಲಿ ಅನಲಿಸ್ಟ್ ಎಂದು ಬರೆದು, ಕೆಳಗೆ ಇಡೀ ದಿನ ಕೋಡ್ ಬರೆಯುವ ಕೆಲಸವನ್ನೇ ವಿವರಿಸಿದರೆ ಅರ್ಜಿ ತಿರಸ್ಕೃತವಾಗಬಹುದು. ಅಧಿಕಾರಿ ನೋಡುವುದು ಹೆಸರನ್ನಲ್ಲ, ಮಾಡುವ ಕೆಲಸವನ್ನು. ವೈದ್ಯರದ್ದೂ ಹಾಗೆಯೇ: ಬೋಧನೆ ಅಥವಾ ಸಂಶೋಧನೆಗೆ ಮಾತ್ರ ಅವಕಾಶ, ರೋಗಿಗಳ ಚಿಕಿತ್ಸೆಯೇ ಮುಖ್ಯ ಕೆಲಸವಾದರೆ ಈ ದಾರಿಯಲ್ಲ.

ಆದ್ದರಿಂದ ಪತ್ರದಲ್ಲಿ ಪಟ್ಟಿಯ ಯಾವ ವೃತ್ತಿ, ದಿನನಿತ್ಯದ ಕೆಲಸವೇನು, ಎಷ್ಟು ಕಾಲ, ಸಂಬಳವೆಷ್ಟು, ಯಾವ ವಿದ್ಯಾರ್ಹತೆ ಎಂಬುದೆಲ್ಲ ಸ್ಪಷ್ಟವಾಗಿರಲಿ. ಪದವಿ ಪ್ರಮಾಣಪತ್ರ ಜೊತೆಗಿರಲಿ. ಪದವಿಯ ವಿಷಯಕ್ಕೂ ಕೆಲಸಕ್ಕೂ ಸಂಬಂಧ ಕಾಣದಿದ್ದರೆ, ಅದನ್ನು ವಿವರಿಸುವ ಎರಡು ಸಾಲನ್ನು ಸಂಸ್ಥೆ ಬರೆಯಲೇಬೇಕು. ಇಷ್ಟನ್ನು ಕೂಡ ಬಿಟ್ಟು ಗಡಿಗೆ ಬರುವುದು ನಿಜಕ್ಕೂ ದೊಡ್ಡ ಅಪಾಯ.

ಈ ಪರವಾನಗಿಯಿಂದ ಕೆನಡಾದಲ್ಲಿ ಸ್ವಂತ ವ್ಯವಹಾರ ತೆರೆದು ಗಿರಾಕಿ ಹುಡುಕುವಂತಿಲ್ಲ. ದಾದಿಯರಿಗೆ ಪ್ರಾಂತ್ಯದ ನೋಂದಣಿ ಬೇರೆಯೇ ಬೇಕು.

ಒಮ್ಮೆಗೆ ಗರಿಷ್ಠ 3 ವರ್ಷ ಸಿಗಬಹುದು. ಆದರೆ ಪಾಸ್‌ಪೋರ್ಟ್ 14 ತಿಂಗಳಲ್ಲಿ ಮುಗಿಯುವುದಾದರೆ ಪರವಾನಗಿಯೂ ಅಷ್ಟಕ್ಕೇ ನಿಲ್ಲುತ್ತದೆ. ಪಾಸ್‌ಪೋರ್ಟನ್ನು ಮೊದಲೇ ನವೀಕರಿಸಿಕೊಳ್ಳಿ. ಪರವಾನಗಿ ಒಂದೇ ಸಂಸ್ಥೆಗೆ ಸೀಮಿತ, ಕೆಲಸ ಬದಲಿಸಿದರೆ ಹೊಸದು ಬೇಕು. ಅವಧಿ ಮುಗಿಯುವ ಮುನ್ನ ವಿಸ್ತರಣೆಗೆ ಅರ್ಜಿ ಹಾಕಿ ಕೆನಡಾದಲ್ಲೇ ಉಳಿದವರು, ತೀರ್ಮಾನ ಬರುವವರೆಗೆ ಹಳೆಯ ಷರತ್ತಿನಲ್ಲೇ ಕೆಲಸ ಮುಂದುವರಿಸಬಹುದು. ನಮಸ್ಕಾರ.